ಒಂದು ಹಿಡಿ ದವನ

ನಾನು ಪುಡಿ ಕುಟ್ಟುವವನು. ನನ್ನ ತಾಯಿ ಮಾಡುತ್ತಿದ್ದದ್ದೂ ಅದೇ ಕೆಲಸ. ಅವಳಿಗೆ ಹೆಣ್ಣುಮಕ್ಕಳು ಹುಟ್ಟಲಿಲ್ಲ, ಹಾಗಾಗಿ ಒನಕೆ ನನ್ನ ಕೈಗೆ ಬಂತು. ಮೊದಮೊದಲು ಹೆಂಗಸರು ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ಒಂದೆರಡು ವರ್ಷಕ್ಕೆ ಅವರಿಗೂ ಸಾಕಾಯಿತು, ನನಗೂ ಅಭ್ಯಾಸವಾಯಿತು.

ನಮ್ಮೂರಿನಲ್ಲಿ ಮೂವತ್ತೆಂಟು ಮನೆ. ಮೂವತ್ತೆಂಟಕ್ಕೂ ಮೀಯುವ ಪುಡಿ ಬೇರೆ ಬೇರೆ. ಸೀಗೆಕಾಯಿ, ಹೆಸರುಕಾಳು, ಮೆಂತ್ಯ ಈ ಮೂರು ಎಲ್ಲರಿಗೂ ಇದ್ದದ್ದೇ. ಅದರ ಮೇಲೆ ಮನೆಯ ಒಬ್ಬೊಬ್ಬರಿಗೂ ಒಂದೊಂದು ಪಾಲು ಬೀಳಬೇಕು. ಮಗುವಿಗೆ ಹೆಸರಿಡುವ ದಿನವೇ ಅದರ ಪಾಲನ್ನೂ ಹೇಳುತ್ತೇವೆ. ಒಂದಕ್ಕೆ ನಿಂಬೆಸಿಪ್ಪೆ, ಒಂದಕ್ಕೆ ಬಜೆ, ಇನ್ನೊಂದಕ್ಕೆ ದಾಸವಾಳದ ಎಲೆ. ದುಡ್ಡು ಕೊಟ್ಟು ತರುವಂಥದ್ದು ಯಾವುದೂ ಇಲ್ಲ. ಬೇಲಿಯಲ್ಲಿ ಬೆಳೆದದ್ದು, ಹಿತ್ತಲಲ್ಲಿ ಒಣಗಿಸಿದ್ದು, ಅಡುಗೆಮನೆಯ ಡಬ್ಬಿಯಲ್ಲಿ ಉಳಿದದ್ದು. ಸೊಸೆಯಾಗಿ ಬರುವವಳು ತನ್ನ ಪಾಲನ್ನು ತವರಿನಿಂದ ಸೆರಗಿನ ತುದಿಗೆ ಕಟ್ಟಿಕೊಂಡು ಬರುತ್ತಾಳೆ. ಎಲ್ಲ ಸೇರಿಸಿ ಕುಟ್ಟಿ ಬಟ್ಟೆಯಲ್ಲಿ ಸೋಸಿದರೆ ಅದು ಆ ಮನೆಯ ಪುಡಿ. ಅದರಲ್ಲಿ ತಲೆ ಮಿಂದವರು ಹೊಸಿಲ ಮುಂದೆ ಬಂದು ನಿಂತರೆ ಬಾಗಿಲು ತೆರೆದುಕೊಳ್ಳುತ್ತದೆ. ಬೇರೆಯವರು ನಿಂತರೆ ತೆರೆಯುವುದಿಲ್ಲ. ಒದ್ದರೂ ಇಲ್ಲ, ಅತ್ತರೂ ಇಲ್ಲ. ಪೇಟೆಯ ಸೋಪು ಹಾಕಿ ಮಿಂದು ಬಂದವರ ಮುಂದೆಯಂತೂ ಗೋಡೆಯ ಹಾಗೆ ನಿಲ್ಲುತ್ತದೆ. ನೆಂಟರು ಬಂದರೆ ಮನೆಯವರು ಹೊರಗೆ ಬಂದು ಒಂದು ಚಿಟಿಕೆ ಪುಡಿಯನ್ನು ನೀರಲ್ಲಿ ಅದ್ದಿ ಅವರ ಮಣಿಕಟ್ಟಿಗೆ ತಿಕ್ಕುತ್ತಾರೆ. ಆ ಹೊತ್ತಿಗೆ ಒಳಗೆ ಹೋಗಿ ಉಂಡು ಬರಬಹುದು.

ಆದ್ದರಿಂದ ಇನ್ನೊಬ್ಬರ ತಲೆಯ ಹತ್ತಿರ ಮೂಗು ಒಯ್ಯುವುದು ನಮ್ಮಲ್ಲಿ ಕಳ್ಳತನ. ಮಾತಾಡುವಾಗಲೂ ಒಂದು ಮಾರು ದೂರ ನಿಂತು ಮಾತಾಡುತ್ತೇವೆ. ಒಂದೇ ಮನೆಯವರಾದರೆ ಸರಿ, ತಲೆ ಬಾಚಲಿ, ಮಡಿಲಲ್ಲಿ ಮಲಗಿಸಿಕೊಳ್ಳಲಿ. ಬೇರೆ ಮನೆಯವರಿಗೆ ಅದು ಸಲ್ಲದು. ಯಾವ ಮನೆಗೆ ಯಾವ ಪಾಲು ಎಂಬುದು ಆ ಮನೆಯವರಿಗೆ ಗೊತ್ತು, ಬಿಟ್ಟರೆ ನನಗೆ ಗೊತ್ತು. ನಾನು ಎರಡನೇ ಕ್ಲಾಸಿನ ತನಕ ಹೋದವನು. ಬರೆದಿಟ್ಟುಕೊಳ್ಳುವ ಅಭ್ಯಾಸವಿಲ್ಲ, ಬರೆದಿಡಬಾರದು ಎಂದು ತಾಯಿಯೂ ಹೇಳಿದ್ದಳು. ಮೂವತ್ತೆಂಟು ಮನೆಯ ಪಾಲೂ ತಲೆಯಲ್ಲೇ ಇದೆ.

ಸಾವಾದ ಮನೆಗೆ ಬೇರೆ ಕ್ರಮ. ಹನ್ನೊಂದನೆಯ ದಿನ ಹೋದವರ ಪಾಲನ್ನು ಬಿಟ್ಟು ಹೊಸ ಪುಡಿ ಕುಟ್ಟಬೇಕು. ಅದನ್ನು ಹುಳಿ ಮಜ್ಜಿಗೆಯಲ್ಲಿ ಕಲಸಿ ಬಾಗಿಲನ್ನು ಮೇಲಿನಿಂದ ಕೆಳಗೆ ತೊಳೆಯಬೇಕು. ತೊಳೆಯದೆ ಬಿಟ್ಟರೆ ಬಾಗಿಲು ಹೋದವರಿಗಾಗಿ ಕಾಯುತ್ತ ಒಂದು ಗೇಣು ತೆರೆದುಕೊಂಡೇ ಇರುತ್ತದೆ. ಹಗಲು ನಾಯಿ ನುಗ್ಗುತ್ತದೆ, ರಾತ್ರಿ ಚಳಿ ನುಗ್ಗುತ್ತದೆ, ಮನೆಯವರ ಕಣ್ಣು ಹೋದಾಗಲೆಲ್ಲ ಆ ಸಂದಿಯ ಕಡೆಗೇ ಹೋಗುತ್ತದೆ. ತೊಳೆದ ಮೇಲೆ ಬಾಗಿಲಿಗೆ ಹಳೆಯ ಪುಡಿ ಮರೆತುಹೋಗುತ್ತದೆ. ಇದನ್ನೇ ಕೆಟ್ಟದ್ದಕ್ಕೆ ಬಳಸಿದವರೂ ಇದ್ದಾರೆ. ಬೇಡದವನು ಹೊಲಕ್ಕೆ ಹೋದ ಹೊತ್ತಿನಲ್ಲಿ ಗುಟ್ಟಾಗಿ ಬೇರೆ ಪುಡಿಯಿಂದ ಬಾಗಿಲು ತೊಳೆದುಬಿಟ್ಟರೆ ಆಯಿತು, ಸಂಜೆ ಅವನು ತನ್ನ ಮನೆಯ ಮುಂದೆಯೇ ದಿಕ್ಕಿಲ್ಲದೆ ನಿಲ್ಲಬೇಕು. ನನಗೆ ಬುದ್ಧಿ ತಿಳಿದ ಮೇಲೆ ಎರಡು ಸಲ ಹಾಗಾಗಿದೆ. ಎರಡು ಸಲವೂ ತೊಳೆದವರನ್ನು ಊರು ಹೊರಗೆ ಹಾಕಿತು.

ಮೂರನೆಯ ಸಲ ಹಾಗಾಯಿತು ಎಂದು ಊರೆಲ್ಲ ತಿಳಿದದ್ದು ಹೊಂಬಾಳಮ್ಮನ ಮನೆಯಲ್ಲಿ.

ಆ ಮನೆಯಲ್ಲಿ ಇದ್ದದ್ದು ಇಬ್ಬರೇ. ಹೊಂಬಾಳಮ್ಮ, ಅವಳ ಸೊಸೆ ಚಿಕ್ಕತಾಯಿ. ಮಗ ಬೆಟ್ಟಸ್ವಾಮಿ ಎರಡು ವರ್ಷದ ಹಿಂದೆ ಜ್ವರ ಬಂದು ನಾಲ್ಕೇ ದಿನಕ್ಕೆ ಹೋಗಿಬಿಟ್ಟಿದ್ದ. ಮಕ್ಕಳಿರಲಿಲ್ಲ. ಚಿಕ್ಕತಾಯಿ ತವರಿಗೆ ಹೋಗಲಿಲ್ಲ. ಹೋಗುವುದಕ್ಕೆ ತವರೂ ಇರಲಿಲ್ಲ ಅನ್ನಿ. ಮದುವೆಯಾಗಿ ಬಂದ ಮೇಲೆ ಅವಳ ಅತ್ತಿಗೆ ಅವಳ ಪಾಲು ತೆಗೆದು ಬಾಗಿಲು ತೊಳೆದುಕೊಂಡಿದ್ದಳು. ಅದು ತಪ್ಪಲ್ಲ, ಎಲ್ಲರೂ ಮಾಡುವುದೇ. ಆದರೆ ಲೋಕದಲ್ಲಿ ಚಿಕ್ಕತಾಯಿಯ ಗುರುತು ಇದ್ದ ಬಾಗಿಲು ಈಗ ಇದೊಂದೇ.

ಒಂದು ಶುಕ್ರವಾರ ಹೊಂಬಾಳಮ್ಮ ಹೊಸ ಪುಡಿಯ ಗಡಿಗೆ ಬಿಚ್ಚಿದಳು. ಹೊಸ ಪುಡಿಯಲ್ಲಿ ಮನೆಯ ಹಿರಿಯರು ಮೊದಲು ಮೀಯಬೇಕು, ಅದು ರೂಢಿ. ಚಿಕ್ಕತಾಯಿ ಮಂಗಳವಾರವೇ ಹಳೆಯದರಲ್ಲಿ ಮಿಂದಿದ್ದಳು. ಹೊಂಬಾಳಮ್ಮ ಹಿತ್ತಲ ಬಚ್ಚಲಲ್ಲಿ ಮಿಂದು, ತಲೆಗೆ ಬಟ್ಟೆ ಸುತ್ತಿ, ಗಡಿಗೆ ಹಿಡಿದುಕೊಂಡು ಮನೆ ಸುತ್ತಿ ಮುಂಬಾಗಿಲಿಗೆ ಬಂದಳು. ಬಾಗಿಲು ತೆರೆಯಲಿಲ್ಲ.

ನಾನು ಆ ಹೊತ್ತಿಗೆ ಅದೇ ಬೀದಿಯಲ್ಲಿ ಅಂಟವಾಳದ ಬೀಜ ಬಿಡಿಸುತ್ತ ಕೂತಿದ್ದೆ. ಎದುರು ಮನೆಯ ಮಂಚಮ್ಮನ ಗಂಟಲು ಮೊದಲು ಕೇಳಿಸಿತು.

"ಅಯ್ಯಯ್ಯೋ, ಹೊಂಬಾಳಕ್ಕನ್ನ ಬಾಗ್ಲು ಬುಡ್ತಾ ಇಲ್ಲ! ಬನ್ರವ್ವ ನೋಡ್ಬನ್ನಿ!"

ಚಿಕ್ಕತಾಯಿ ಒಳಗಿನಿಂದ ಓಡಿ ಬಂದಳು. ಅವಳಿಗೆ ಬಾಗಿಲು ತೆರೆಯಿತು, ಅವಳು ಹೊರಗೆ ಬಂದದ್ದೇ ಮುಚ್ಚಿಕೊಂಡಿತು. ಅತ್ತೆ ನಿಂತಾಗ ಇಲ್ಲ. ಸೊಸೆ ನಿಂತಾಗ ತೆರೆಯಿತು. ಮತ್ತೆ ಅತ್ತೆ ನಿಂತಳು, ಇಲ್ಲ. ನೋಡುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿಕ್ಕತಾಯಿ ಒಳಗೆ ಹೋಗಿ ಹಳೆಯ ಪುಡಿಯನ್ನು ಒಂದು ಚಿಟಿಕೆ ಒದ್ದೆಮಾಡಿ ತಂದಳು.

"ಅತ್ತೆ, ಕೈ ಕೊಡಿ ಇಲ್ಲಿ. ಮೊದ್ಲು ಒಳೀಕೆ ಬನ್ನಿ, ಆಮೇಕೆ ನೋಡಾನ."

ಹೊಂಬಾಳಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. "ಹತ್ರ ಬರಬ್ಯಾಡ. ನಾನು ಮಣ್ಣು ಹೊತ್ತು ಕಟ್ಟಿದ ಮನೇಗೆ ನಾನು ನೆಂಟ್ರಂಗೆ ಬರಾದಾ?"

ಅಷ್ಟು ಹೇಳಿ ಎದುರಿಗಿದ್ದ ಮಂಚಮ್ಮನ ಜಗಲಿಗೆ ಹೋಗಿ, ಗಡಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಆವತ್ತಿಗೆ ಅದೇ ಅವಳ ಕೊನೆಯ ಮಾತು.

ಊರಿನ ಬಾಯಿಗೆ ಅಷ್ಟು ಸಾಕಿತ್ತು. ಸೊಸೆ ಬೆಳಗ್ಗೆ ಬೇಗ ಎದ್ದು ಬಾಗಿಲು ತೊಳೆದುಬಿಟ್ಟಿದ್ದಾಳೆ, ಮುದುಕಿ ಮೀಯಲು ಹೋಗುವುದನ್ನೇ ಕಾಯುತ್ತಿದ್ದಳು ಎಂದರು. ಗಂಡ ಇಲ್ಲ, ಮಕ್ಕಳಿಲ್ಲ, ಮನೆಯೊಂದು ದಕ್ಕಲಿ ಎಂದು ಮಾಡಿದಳು ಎಂದರು. ಮಡಿಲಲ್ಲಿ ಗಡಿಗೆ ಹಿಡಿದು ಕೂತ ಹೊಂಬಾಳಮ್ಮನನ್ನು ನೋಡಿದವರೆಲ್ಲ, ಪಾಪ, ಆ ಮನೆಯಿಂದ ಅವಳಿಗೆ ದಕ್ಕಿದ್ದು ಅದೊಂದೇ ಎಂದು ಕಣ್ಣು ಒರೆಸಿಕೊಂಡರು. ಸಂಜೆ ಚಿಕ್ಕತಾಯಿ ಮುದ್ದೆ ಮಾಡಿ ತಟ್ಟೆಯಲ್ಲಿಟ್ಟು ತಂದು ಜಗಲಿಯ ಅಂಚಿನಲ್ಲಿ ಇಟ್ಟಳು. ಹೊಂಬಾಳಮ್ಮ ಅವಳು ಹಿಂದಕ್ಕೆ ಹೋಗುವ ತನಕ ಮುಟ್ಟಲಿಲ್ಲ. ಹೋದ ಮೇಲೆ ಉಂಡಳು.

ಮಾರನೆಯ ದಿನ ಚಿಕ್ಕತಾಯಿ ನನ್ನ ಒರಳಿನ ಹತ್ತಿರ ಬಂದಳು.

"ತಾತ, ಪುಡೀಲಿ ಏನಾರ ಹೆಚ್ಚುಕಮ್ಮಿ ಆಗಿರಬೌದಾ?"

"ನನ್ನ ಕೈ ತಪ್ಪಲ್ಲ ಕಣವ್ವ," ಎಂದೆ. ಅರವತ್ತು ವರ್ಷದಿಂದ ಯಾರು ಕೇಳಿದರೂ ಹೇಳುತ್ತಿದ್ದ ಮಾತು ಅದು, ಯೋಚನೆ ಮಾಡುವ ಮೊದಲೇ ಬಾಯಿಗೆ ಬಂತು.

"ಮತ್ತೆ ನಾನೂ ಮಾಡಿಲ್ಲ, ನೀವೂ ಮಾಡಿಲ್ಲ. ಬಾಗ್ಲಿಗೆ ಬುದ್ಧಿ ಕೆಟ್ಟದಾ?" ಎಂದು ಹೇಳಿ ಹೋದಳು.

ಅವಳು ಹೋದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಹೊಂಬಾಳಮ್ಮನನ್ನು ನೋಡಲು ಹೋದೆ. ಮಂಚಮ್ಮ ನೀರಿಗೆ ಹೋಗಿದ್ದಳು. ನಾನು ಜಗಲಿಯ ಈ ಕೊನೆಯಲ್ಲಿ ಕೂತೆ, ಅವಳು ಆ ಕೊನೆಯಲ್ಲಿ. ನಡುವೆ ಒಂದು ಮಾರು. ಬಿಸಿಲು ಏರಿತ್ತು. ಅವಳ ಕಡೆಯಿಂದ ಸ್ವಲ್ಪ ಗಾಳಿ ಬಂತು.

ದವನ.

ಆ ಮನೆಗೆ ಹೊಂಬಾಳಮ್ಮನ ಪಾಲು ಲಾವಂಚ, ಚಿಕ್ಕತಾಯಿ ತಂದದ್ದು ಮರುಗ. ದವನ ಬೆಟ್ಟಸ್ವಾಮಿಯದು. ಅವನಿಗೆ ಹೆಸರಿಟ್ಟ ದಿನ ನಾನೇ ಒಂದು ಹಿಡಿ ದವನ ಒಯ್ದು ಕೊಟ್ಟಿದ್ದೆ. ಆಮೇಲೆ ಇಪ್ಪತ್ತೆಂಟು ವರ್ಷ ಆ ಮನೆಯ ಪುಡಿಗೆ ಲಾವಂಚದ ಹಿಂದೆಯೇ ದವನ ಬಿದ್ದಿದೆ. ಬಿಟ್ಟು ಕುಟ್ಟಿದ್ದು ಎರಡೇ ವರ್ಷ. ಈ ಸಲ ಕುಟ್ಟುವಾಗ ನಾನು ಏನು ಯೋಚಿಸುತ್ತಿದ್ದೆನೋ, ಕೈ ತನ್ನ ಪಾಡಿಗೆ ತಾನು ದವನದ ಬುಟ್ಟಿಗೆ ಹೋಗಿದೆ, ತಂದು ಹಾಕಿದೆ. ಇಡೀ ದಿನ ಒರಳಿನ ಮುಂದೆ ಕೂತವನ ಮೂಗಿಗೆ ಎಲ್ಲ ವಾಸನೆಯೂ ಒಂದೇ. ನೆನಪು ಚೆನ್ನಾಗಿದೆ ಎಂದು ನಾನು ಹಿಗ್ಗುತ್ತಿದ್ದೆನಲ್ಲ, ಆ ನೆನಪೇ ಮಾಡಿದ ಕೆಲಸ. ಕೈಗೆ ಸಾವು ತಿಳಿಯುವುದಿಲ್ಲ.

"ಹೊಂಬಾಳವ್ವ," ಎಂದೆ.

"ಗೊತ್ತಾಯ್ತಾ?" ಎಂದಳು. ನನ್ನ ಕಡೆ ನೋಡಲಿಲ್ಲ. "ಮೊದಲ್ನೇ ಚೊಂಬು ನೀರು ಬಿದ್ದಾಗ್ಲೇ ನಂಗೆ ಗೊತ್ತಾಯ್ತು ಗವಿಯಣ್ಣ. ಬೆನ್ನಿಂದೆ ಬಂದು ನಿಂತವ್ನೆ ಅನ್ಕಂಡೆ. ತಿರುಗಿ ನೋಡ್ಬುಟ್ಟೆ."

"ತಪ್ಪಾಯ್ತು ಕಣವ್ವ. ಈಗ್ಲೇ ಬೇರೆ ಕುಟ್ಕೊಡ್ತೀನಿ. ಸಂಜೆಗೆ ಮಿಂದ್ರೆ ಬಾಗ್ಲು ತಗೀತದೆ."

"ಬ್ಯಾಡ." ಗಡಿಗೆಯ ಮೇಲೆ ಎರಡೂ ಕೈ ಇಟ್ಟಳು. "ತಲೇಲಿ ಎಂಟು ದಿನ ನಿಲ್ತದೆ. ಆಮೇಕೆ ತಾನಾಗೇ ಹೋಯ್ತದೆ. ಅಲ್ಲೀಗಂಟ ಯಾರ್ಗೂ ಏಳ್ಬ್ಯಾಡ."

"ಆ ಹುಡುಗಿ ಮೇಲೆ ಊರು ಅಪವಾದ ಹೊರಿಸ್ತಾ ಅದಲ್ಲವ್ವ."

"ಬಾಯಿ ನೋಯೋಗಂಟ ಮಾತಾಡ್ಲಿ. ಎಂಟು ದಿನ ಆದ್ಮೇಲೆ ಬೇರೆ ಪುಡೀಲಿ ಮಿಂದು ನಾನೇ ಒಳೀಕೆ ಹೋಯ್ತೀನಿ, ಎಲ್ಲ ಮುಚ್ಕೊಳ್ತದೆ." ಗಡಿಗೆಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬಿಗಿ ಮಾಡಿದಳು. "ಅವಳ ಮುಂದೆ ಹೆಂಗ್ ಹೋಗ್ಲಿ ಏಳು. ಅವ್ನು ಹೋದ್ಮೇಲೆ ಆರು ತಿಂಗಳು ಅನ್ನ ಮುಟ್ನಿಲ್ಲ ಅವಳು. ಈಗ ಈಗ ವಸಿ ಉಣ್ತಾವ್ಳೆ, ಮೊನ್ನೆ ಯಾವ್ದಕ್ಕೋ ನಕ್ಳು ಕೂಡ. ಈ ವಾಸ್ನೆ ಅವಳ ಮೂಗಿಗೆ ಬಿದ್ರೆ ಮತ್ತೆ ಮೊದ್ಲಿನಂಗೇ ಆಯ್ತಾಳೆ." ಆಮೇಲೆ ದನಿ ಇಳಿಸಿ, "ಸುಳ್ಳು ಯಾಕೆ ಏಳ್ಲಿ, ನಂಗೂ ವಸಿ ಬೇಕು," ಎಂದಳು.

ನಾನು ಆಗಲಿ ಎಂದು ತಲೆಯಾಡಿಸಿದೆ. ಅವಳ ಮೇಲಿನ ಕನಿಕರಕ್ಕೇ ಒಪ್ಪಿದೆ ಎಂದು ಹೇಳಿಕೊಳ್ಳಬಹುದು. ಆದರೆ ಮನೆಗೆ ನಡೆದು ಹೋಗುವಾಗ ನನಗೆ ಒಳಗೊಳಗೇ ಹಗುರವಾಗಿತ್ತು. ಗವಿಯಪ್ಪನ ಕೈ ತಪ್ಪಿತು ಎಂದು ಯಾರಿಗೂ ತಿಳಿಯುವುದಿಲ್ಲವಲ್ಲ, ಅದಕ್ಕೆ.

ಊರು ಎಂಟು ದಿನ ಕಾಯಲಿಲ್ಲ. ಮೂರನೆಯ ದಿನ ಬೆಳಗ್ಗೆ ಯಜಮಾನ ಲಕ್ಕಯ್ಯ ನಾಲ್ಕು ಜನ ಹಿರಿಯರನ್ನು ಕರೆದುಕೊಂಡು ಬಂದ. ಹೊಂಬಾಳಮ್ಮನ ಮನೆಯ ಮುಂದೆ ಕಂಬಳಿ ಹಾಸಿದರು. ಎಲ್ಲರೂ ಸೇರಿದರು. ಲಕ್ಕಯ್ಯ ಕೆಟ್ಟವನಲ್ಲ. ನ್ಯಾಯ ತಡವಾದರೆ ಹುಳಿಯಾಗುತ್ತದೆ ಎನ್ನುವವನು.

"ನೋಡಮ್ಮಿ," ಎಂದು ಚಿಕ್ಕತಾಯಿಯನ್ನು ಕೇಳಿದ, "ಬಾಗ್ಲು ತೊಳ್ದೆಯಾ?"

"ಇಲ್ಲ."

"ಮತ್ತೆ ನಿಂಗೆ ತಗೀತದೆ, ನಿಮ್ಮತ್ತೇಗೆ ತಗಿಯಕಿಲ್ಲ. ಯಾಕೆ?"

"ನಂಗೆ ಗೊತ್ತಿಲ್ಲ ಯಜಮಾನ್ರೆ."

"ಗೊತ್ತಿಲ್ವಂತೆ!" ಎಂದಳು ಮಂಚಮ್ಮ. "ಬೆಲ್ಲ ಕದ್ದ ಇರುವೆ ನಂಗೆ ಸಿಹಿ ಗೊತ್ತಿಲ್ಲ ಅಂತಂತೆ."

ಲಕ್ಕಯ್ಯ ಕೈಯೆತ್ತಿ ಅವಳನ್ನು ಸುಮ್ಮನಿರಿಸಿದ. ಹಿರಿಯರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಆಮೇಲೆ ಲಕ್ಕಯ್ಯ ತೀರ್ಮಾನ ಹೇಳಿದ. ಹೊಂಬಾಳಮ್ಮನ ಮಡಿಲಲ್ಲಿರುವ ಪುಡಿಯಿಂದಲೇ ಬಾಗಿಲು ತೊಳೆಯಬೇಕು, ಬಾಗಿಲು ಅವಳಿಗೆ ಸೇರಬೇಕು. ಹೊತ್ತು ಇಳಿಯುವುದರೊಳಗೆ ಚಿಕ್ಕತಾಯಿ ಊರು ಬಿಡಬೇಕು.

ನಾನು ಹೊಂಬಾಳಮ್ಮನ ಮುಖ ನೋಡಿದೆ. ಅವಳಿಗೆ ಇದು ಹೊಳೆದೇ ಇರಲಿಲ್ಲ. ಗಡಿಗೆಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. ಆ ಪುಡಿಯಿಂದ ಬಾಗಿಲು ತೊಳೆದರೆ ಏನಾಗುತ್ತದೆ ಎಂದು ಅಲ್ಲಿದ್ದವರಲ್ಲಿ ನಮ್ಮಿಬ್ಬರಿಗೇ ಗೊತ್ತು. ಬಾಗಿಲು ಬೆಟ್ಟಸ್ವಾಮಿಗಾಗಿ ಕಾಯತೊಡಗುತ್ತದೆ. ಒಂದು ಗೇಣು ತೆರೆದುಕೊಂಡು, ಹಗಲೂ ರಾತ್ರಿ. ಒಳಗೆ ಮುದುಕಿ ಒಬ್ಬಳೇ.

ಚಿಕ್ಕತಾಯಿ ಒಳಗೆ ಹೋದಳು. ಬರುವಾಗ ಒಂದು ಕೈಯಲ್ಲಿ ಬಟ್ಟೆಯ ಗಂಟು, ಇನ್ನೊಂದು ಕೈಯಲ್ಲಿ ಮಜ್ಜಿಗೆಯ ತಪ್ಪಲೆ. ಗಂಟನ್ನು ತಮ್ಮ ಜಗಲಿಯ ಮೇಲೆ ಇಟ್ಟು, ತಪ್ಪಲೆ ಹಿಡಿದುಕೊಂಡು ಬೀದಿ ದಾಟಿ ಅತ್ತೆಯ ಮುಂದೆ, ಒಂದು ಮಾರು ದೂರದಲ್ಲಿ ನಿಂತಳು.

"ಅತ್ತೆ, ಗಡಿಗೆ ಕೊಡಿ. ಮೇಲ್ಗಡೆ ಹಲಗೆ ನಿಮ್ಗೆ ಎಟುಕಾಕಿಲ್ಲ. ನಾನೇ ತೊಳ್ದುಕೊಟ್ಟು ಹೋಯ್ತೀನಿ. ಕೊಟ್ಗೆ ಹಿಂದೆ ಸೌದೆ ಅದೆ, ಮಳೆಗಾಲ್ದಗಂಟ ಆಯ್ತದೆ."

ಅದನ್ನು ಕೇಳಿಯೂ ಸುಮ್ಮನಿದ್ದಿದ್ದರೆ ನಾನು ಮನುಷ್ಯನಲ್ಲ.

"ನಿಲ್ಲವ್ವ," ಎಂದೆ. ಎದ್ದು ನಿಂತೆ. ಗುಂಪಿನ ಮುಂದೆ ಮಾತಾಡಿ ನನಗೆ ಅಭ್ಯಾಸವಿಲ್ಲ. "ಲಕ್ಕಯ್ಯ, ತಪ್ಪು ಆ ಮಗೂದಲ್ಲ, ನಂದು. ಪುಡಿ ಕುಟ್ವಾಗ ನನ್ನ ಕೈ ತಪ್ತು. ಬಾಗ್ಲು ಸರಿಯಾಗೇ ಅದೆ. ಹೊಂಬಾಳವ್ವ ಮಿಂದಿರಾ ಪುಡಿ ಸರಿಯಿಲ್ಲ."

ಲಕ್ಕಯ್ಯ ನಕ್ಕ. ಒಳ್ಳೆಯ ನಗೆಯೇ.

"ಗವಿಯಣ್ಣ, ನಿನ್ನ ಕೈ ತಪ್ಪಾದುಂಟಾ? ನಮ್ಮಪ್ಪನ ಕಾಲ್ದಿಂದ ನೋಡಿವ್ನಿ. ಹೆಣ್ಣುಮಗಳು ಬೀದೀಗ್ ಬೀಳ್ತಾಳೆ ಅಂತ ಕನಿಕರಕ್ಕೆ ಏಳ್ತಾ ಇದ್ದೀಯ."

"ಕನಿಕರ ಅಲ್ಲ ಕಣಪ್ಪ, ನಿಜ."

"ತಾತಂಗೆ ಮರವು ಅಂದ್ರೆ ನಾಳೆ ನಮ್ಮನೆ ಬಾಗ್ಲೂ ಮುಚ್ಕೊಳ್ತದೆ," ಎಂದು ಮಂಚಮ್ಮ ಅಂದಳು. "ಇಂಥ ಮಾತು ತಮಾಸೆಗೂ ಆಡಬ್ಯಾಡ್ದು ತಾತ."

ಅರವತ್ತು ವರ್ಷ ತಪ್ಪದ ಕೈ ಎಂದು ಹೆಸರು ಮಾಡಿದ್ದೆ. ಆ ಹೆಸರೇ ಈಗ ನನ್ನ ನಿಜವನ್ನು ನುಂಗಿಹಾಕಿತು. ಯಾವ ಪಾಲು ತಪ್ಪಿದೆ ಎಂದು ಬೀದಿಯಲ್ಲಿ ನಿಂತು ಹೇಳುವ ಹಾಗಿಲ್ಲ, ಅದು ಆ ಮನೆಯ ಗುಟ್ಟು. ಹೇಳಬೇಕಾದರೆ ಗಡಿಗೆ ಹಿಡಿದು ಕೂತವಳೇ ಹೇಳಬೇಕು. ನಾನು ಹೊಂಬಾಳಮ್ಮನ ಕಡೆ ತಿರುಗಿದೆ. ಎಲ್ಲರೂ ತಿರುಗಿದರು.

ಅವಳು ತಲೆ ತಗ್ಗಿಸಿ ಗಡಿಗೆಯನ್ನೇ ನೋಡುತ್ತಿದ್ದಳು. ಆಮೇಲೆ ಅದರ ಬಾಯಿಗೆ ಕಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿದಳು. ತಲೆಗೆ ಸುತ್ತಿದ್ದ ಬಟ್ಟೆಯನ್ನೂ ಬಿಚ್ಚಿ ಪಕ್ಕಕ್ಕೆ ಇಟ್ಟಳು. ಮೂರು ದಿನ ಮುಚ್ಚಿದ್ದ ವಾಸನೆ ಒಮ್ಮೆಗೇ ಬೀದಿಗೆ ಬಂತು. ಅಲ್ಲಿದ್ದ ಎಲ್ಲರೂ ಬೆಟ್ಟಸ್ವಾಮಿಯ ಜೊತೆ ಒಂದಲ್ಲ ಒಂದು ದಿನ ಗೇಯ್ದವರು, ಭಾರ ಹೊತ್ತವರು. ಒಂದು ಮಾರು ದೂರದಿಂದಲಾದರೂ ಅವನು ಹಾದುಹೋಗುವಾಗ ಬರುತ್ತಿದ್ದ ಆ ವಾಸನೆ ಎಲ್ಲರಿಗೂ ಗೊತ್ತಿತ್ತು. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಗಂಡಸರು ಗೋಡೆಯ ಕಡೆ ಮುಖ ತಿರುಗಿಸಿದರು. ಲಕ್ಕಯ್ಯ ಕಂಬಳಿಯಿಂದ ಎದ್ದು ನಿಂತುಕೊಂಡ.

ಚಿಕ್ಕತಾಯಿ ಮೂಗು ಮುಚ್ಚಿಕೊಳ್ಳಲಿಲ್ಲ. ತಪ್ಪಲೆಯನ್ನು ಜಗಲಿಯ ಮೇಲೆ ಇಡಲು ಹೋದಳು, ಅರ್ಧ ಮಜ್ಜಿಗೆ ಚೆಲ್ಲಿತು. ಆ ಒಂದು ಮಾರನ್ನು ದಾಟಿ ಹೋಗಿ ಅತ್ತೆಯ ಪಕ್ಕದಲ್ಲಿ ಮಂಡಿಯೂರಿದಳು. ಎರಡು ಕೈಯಲ್ಲೂ ಆ ನರೆತ ತಲೆಯನ್ನು ಹಿಡಿದುಕೊಂಡು ಕೂದಲೊಳಗೆ ಮುಖವಿಟ್ಟಳು.

"ಮೂಸ್ಕೋ ಮಗಳೇ," ಎಂದಳು ಹೊಂಬಾಳಮ್ಮ. "ನಿಂಗೆ ಗೊತ್ತಾಯ್ತದೆ ಅಂತವ ಹತ್ರ ಬುಡ್ನಿಲ್ಲ. ನಿಂಗಾಗಿ ಅಂತಾನೆ ಅನ್ಕಂಡಿದ್ದೆ. ಮೂಸ್ಕೊಂಡು ನೀರು ಕಾಯ್ಸು, ತಲೆ ತೊಳ್ಕೊಂಡು ಒಳೀಕೆ ಬತ್ತೀನಿ."

ಚಿಕ್ಕತಾಯಿ ಮುಖ ಎತ್ತದೆ ಅಂದಳು, "ಇವತ್ತು ಬ್ಯಾಡ ಅತ್ತೆ. ನಾಳೀಕೆ ಕಾಯ್ಸ್ತೀನಿ."

ಲಕ್ಕಯ್ಯ ಕಂಬಳಿ ಮಡಿಸಿದ. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಮಂಚಮ್ಮ ತನ್ನ ಜಗಲಿಯನ್ನು ಆ ಇಬ್ಬರಿಗೆ ಬಿಟ್ಟು ಒಳಗೆ ಹೋಗಿ, ಒಂದು ಗಳಿಗೆ ಕಳೆದು ಎರಡು ಲೋಟ ಬೆಲ್ಲದ ಪಾನಕ ತಂದು ಇಟ್ಟುಹೋದಳು. ಅವರ ಮನೆಯ ಜಗಲಿಯ ಮೇಲಿದ್ದ ಬಟ್ಟೆಗಂಟನ್ನು ನಾನೇ ಎತ್ತಿ ಹೊಸಿಲ ಪಕ್ಕಕ್ಕೆ ಇಟ್ಟೆ.

ಮಾರನೆಯ ದಿನ ಚಿಕ್ಕತಾಯಿ ಹಳೆಯ ಪುಡಿಯಲ್ಲಿ ಉಳಿದದ್ದನ್ನು ಕಲಸಿ ಅತ್ತೆಗೆ ತಲೆ ತೊಳೆದಳಂತೆ. ಮೂರು ಸಲ ತೊಳೆದರೂ ಬಾಗಿಲು ಸ್ವಲ್ಪ ಅನುಮಾನಿಸಿತಂತೆ. ಆಮೇಲೆ ತೆರೆಯಿತು. ನಾನು ಸರಿಯಾದ ಪುಡಿಯನ್ನು ಕುಟ್ಟಿಕೊಂಡು ಹೋದೆ. ಈಗ ಯಾವ ಮನೆಯ ಪುಡಿ ಕುಟ್ಟಿದರೂ ಆ ಮನೆಯವರೊಬ್ಬರು ಎದುರಿಗೆ ಕೂರಬೇಕು. ನಾನು ಪಾಲು ಹಾಕುವಾಗ ಅವರು ಬದುಕಿರುವ ಒಬ್ಬೊಬ್ಬರಿಗೂ ಒಂದೊಂದು ಬೆರಳು ಮಡಿಚುತ್ತ ಹೋಗಬೇಕು. ಮೊದಲು ನನಗೆ ನಾಚಿಕೆಯಾಗುತ್ತಿತ್ತು. ಈಗ ಅವರು ಬರದಿದ್ದರೆ ನಾನು ಒನಕೆ ಎತ್ತುವುದಿಲ್ಲ.

ತಪ್ಪಿ ಕುಟ್ಟಿದ್ದನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ ತಿಪ್ಪೆಗೆ ಹಾಕೋಣ ಎಂದು ಕೇಳಿದೆ. ಹೊಂಬಾಳಮ್ಮ ಗಡಿಗೆ ಕೊಡಲಿಲ್ಲ.

"ಯಾಕೆ ಚೆಲ್ಲಾದು? ಸೀಗೆಕಾಯಲ್ವಾ? ಪಾತ್ರೆ ತಿಕ್ಕಾಕೆ ಆಯ್ತದೆ."

ಬಾಗಿಲು ಮನುಷ್ಯರನ್ನು ಮಾತ್ರ ಮೂಸುತ್ತದೆ, ಪಾತ್ರೆಗಳ ಗೊಡವೆಗೆ ಬರುವುದಿಲ್ಲ. ಆ ತಿಂಗಳೆಲ್ಲ ಆ ಮನೆಯ ಕಂಚು, ಹಿತ್ತಾಳೆ, ಮಣ್ಣಿನ ಬಾಣಲೆ ಕೂಡ ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಬೋರಲು ಬಿದ್ದಿರುತ್ತಿದ್ದವು. ಒಂದು ದಿನ ಬೇಲಿಯಾಚೆ ಸೀಗೆಕಾಯಿ ಕೀಳಲು ಹೋದವನು ನೋಡಿದೆ. ಹೊಂಬಾಳಮ್ಮ ನೀರು ಹಾಕುತ್ತಿದ್ದಳು. ಚಿಕ್ಕತಾಯಿ ಪಳಪಳ ಹೊಳೆಯುತ್ತಿದ್ದ ಚೊಂಬನ್ನು ಇನ್ನೊಂದು ಸಲ ತಿಕ್ಕುತ್ತಿದ್ದಳು.